ಆಚಂದ್ರಾರ್ಕ, ಷರತ್ತುಗಳು ಅನ್ವಯ

ದಾನಶಾಸನ ಕೆತ್ತಿಸುತ್ತಿದ್ದ ನಮ್ಮ ಹಿರಿಯರು 'ಆಚಂದ್ರಾರ್ಕ' ಎಂದು ಬರೆಸಿ ಸುಮ್ಮನಾಗುತ್ತಿರಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವನ್ನೂ ಕಲ್ಲಿನ ಕೊನೆಗೆ ಸೇರಿಸುತ್ತಿದ್ದರು. ಮೊಮ್ಮಕ್ಕಳ ಮೇಲೆ ಅಷ್ಟು ನಂಬಿಕೆ!

2000ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ತನ್ನ ದಾನಪತ್ರ ಹೊರಡಿಸಿದಾಗ ಹುಳುವಿನ ವಿಚಾರ ಯಾರಿಗೂ ಹೊಳೆಯಲಿಲ್ಲ. ಮೇಜಿನ ಸುತ್ತ ಕುಳಿತು, ಇಪ್ಪತ್ತು ಮುಖದ ದಾಳ ಉರುಳಿಸಿ, ಬಾಯಿಮಾತಿನಲ್ಲೇ ರಾಕ್ಷಸರ ತಲೆ ತೆಗೆಯುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆ ಕಂಪನಿಯ ಆಟ. ಇದರ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಬರೆದು ಮಾರಿಕೊಳ್ಳಿ, ರಾಯಧನ ಬೇಡ, ಅನುಮತಿ ಶಾಶ್ವತ ಎಂದಿತು 'ಓಪನ್ ಗೇಮ್ ಲೈಸೆನ್ಸ್'. ಮುಂದೆ ನಾವು ಪತ್ರ ತಿದ್ದಿದರೂ ಹಳೆಯದನ್ನೇ ಬಳಸಬಹುದು ಎಂದು ಕಂಪನಿಯ ಪ್ರಶ್ನೋತ್ತರವೂ ಭರವಸೆ ಕೊಟ್ಟಿತ್ತು. ಜನ ನಂಬಿ ಅಂಗಡಿ ತೆರೆದರು.

2022ರ ಡಿಸೆಂಬರ್‌ನಲ್ಲಿ, ಈ ಆಟದಿಂದ ಬರಬೇಕಾದಷ್ಟು ಹಣ ಬರುತ್ತಿಲ್ಲ ಎಂದು ಕಂಪನಿಯ ಮುಖ್ಯಸ್ಥರು ಹೂಡಿಕೆದಾರರ ಎದುರು ನೊಂದುಕೊಂಡರು. ತಿಂಗಳು ತುಂಬುವುದರೊಳಗೆ, 2023ರ ಜನವರಿ 5ರಂದು, ಹೊಸ ಪತ್ರದ ಕರಡು ಸೋರಿತು. ವರ್ಷದ ವಹಿವಾಟು ಏಳೂವರೆ ಲಕ್ಷ ಡಾಲರ್ ದಾಟಿದರೆ, ದಾಟಿದ ಮೊತ್ತದಲ್ಲಿ ಶೇ 25 ನಮ್ಮದು. ಲಾಭದಲ್ಲಿ ಅಲ್ಲ, ಗಮನಿಸಿ, ವಹಿವಾಟಿನಲ್ಲಿ.

ಹಾಗಾದರೆ ಶಾಶ್ವತವಾಗಿದ್ದ ಹಳೆಯ ಪತ್ರ? ಇಲ್ಲಿ ವಕೀಲರ ಕೈಚಳಕಕ್ಕೆ ಕೈಮುಗಿಯಬೇಕು. ಅದರ 9ನೇ ಕಲಮಿನಲ್ಲಿ, ಪತ್ರದ 'ಯಾವುದೇ ಅಧಿಕೃತ ಆವೃತ್ತಿ'ಯನ್ನು ಬಳಸಬಹುದು ಎಂಬ ಮಾತಿದೆ. ಪತ್ರ ಶಾಶ್ವತವೇ, ಯಾರು ಇಲ್ಲ ಎಂದರು? ಇನ್ನು ಮುಂದೆ ಅಧಿಕೃತವಲ್ಲ, ಅಷ್ಟೇ. ತಾಳಿ ಭದ್ರವಾಗಿದೆ, ಮದುವೆ ಮಾತ್ರ ರದ್ದು. ಅಲ್ಲದೆ 'ಶಾಶ್ವತ' ಎಂದರೆ 'ಹಿಂಪಡೆಯಲಾಗದ' ಎಂದಲ್ಲವಂತೆ. ಆದರೆ ಅದೇ ಕರಡಿನಲ್ಲಿ, ನೀವು ಬರೆದದ್ದನ್ನು ಕಂಪನಿ ಬಳಸಿಕೊಳ್ಳುವ ಹಕ್ಕಿನ ಮಾತು ಬಂದಾಗ 'ಶಾಶ್ವತ' ಮತ್ತು 'ಹಿಂಪಡೆಯಲಾಗದ' ಎರಡೂ ಪದಗಳು ಅಕ್ಕಪಕ್ಕದಲ್ಲಿ ಕುಳಿತಿದ್ದವು. ತನ್ನ ಸರದಿ ಬಂದಾಗ ಯಾರಿಗೂ ಪದಕೋಶ ಮರೆಯುವುದಿಲ್ಲ.

ಇಷ್ಟಕ್ಕೂ ಅಮೆರಿಕದ ಕೃತಿಸ್ವಾಮ್ಯ ಕಾಯ್ದೆ ನಿಯಮವನ್ನು ವಿವರಿಸಿದ ಬರಹವನ್ನು ಕಾಯುತ್ತದೆಯೇ ಹೊರತು ಆಡುವ ವಿಧಾನವನ್ನಲ್ಲ. ದಾಳ ಉರುಳಿಸಿ ಆರು ಕೂಡಿಸುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಎಂದರೆ ಇದೇ. ವಿಚಿತ್ರವೆಂದರೆ ಇಪ್ಪತ್ತೆರಡು ವರ್ಷ ಜನ ಅಪ್ಪಣೆಯ ಚೀಟಿಯನ್ನು ಜೋಪಾನವಾಗಿ ಪ್ರತಿ ಪುಸ್ತಕದಲ್ಲೂ ಅಚ್ಚುಹಾಕಿದರು.

ಗಲಾಟೆ ಎದ್ದು ವಾರ ಕಳೆದ ಮೇಲೆ, ಜನವರಿ 13ರಂದು ಕಂಪನಿ ಬಾಯಿ ತೆರೆಯಿತು. ಅದು ಕರಡು, ನಿಮ್ಮ ಅಭಿಪ್ರಾಯ ಕೇಳುವುದಕ್ಕಿತ್ತು ಎಂದಿತು. ನಮಗೆ ದಾಳದಲ್ಲಿ ಒಂದು ಬಿದ್ದಿದೆ ಎಂದು ಒಪ್ಪಿಕೊಂಡಿತು. ಈ ಆಟದಲ್ಲಿ ಒಂದಕ್ಕಿಂತ ಕೆಟ್ಟದ್ದು ಬೀಳುವುದಿಲ್ಲ. ಅದೇ ಹೇಳಿಕೆಯಲ್ಲಿ, ತಾವು ಗೆದ್ದೆವು, ಕಂಪನಿ ಸೋತಿತು ಎನ್ನುವವರ ಮಾತು ಅರ್ಧ ಮಾತ್ರ ನಿಜ, ಅವರೂ ಗೆದ್ದರು, ನಾವೂ ಗೆದ್ದೆವು ಎಂದಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಇಷ್ಟು ಚೆನ್ನಾಗಿ ನಮ್ಮ ಗರಡಿಯವರೂ ಹೇಳಿದ್ದಿಲ್ಲ.

ಆಮೇಲೆ ಇನ್ನೊಂದು ಕರಡು, ಜೊತೆಗೆ ಸಮೀಕ್ಷೆ. 15,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಈ ಪತ್ರದಡಿ ಪುಸ್ತಕ ಪ್ರಕಟಿಸಲೊಲ್ಲೆವು ಎಂದವರು ಶೇ 88. ಜನವರಿ 27ರಂದು ಕಂಪನಿ ಹಳೆಯ ಪತ್ರವನ್ನು ಮುಟ್ಟುವುದಿಲ್ಲ ಎಂದು ಘೋಷಿಸಿ, 400 ಪುಟಗಳ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್‌ಗೂ, ಅಂದರೆ ಕೃತಿಯನ್ನು ಎಲ್ಲರ ಬಳಕೆಗೆ ಬಿಟ್ಟುಕೊಡುವ ಸಾರ್ವಜನಿಕ ಪರವಾನಗಿಗೂ, ಧಾರೆ ಎರೆಯಿತು. ಅಷ್ಟರಲ್ಲಿ ಪ್ರತಿಸ್ಪರ್ಧಿ ಪೈಜೊ ಕಂಪನಿಯ ಮೂಲ ನಿಯಮಪುಸ್ತಕದ ಎಂಟು ತಿಂಗಳ ದಾಸ್ತಾನು ಎರಡೇ ವಾರದಲ್ಲಿ ಖಾಲಿಯಾಗಿತ್ತು. ಆ ಗೆಲುವು ಯಾರ ಲೆಕ್ಕಕ್ಕೆ ಎಂದು ಹೇಳಿಕೆಯಲ್ಲಿ ಇಲ್ಲ.

ಕ್ರಿಯೇಟಿವ್ ಕಾಮನ್ಸ್ ಪತ್ರವನ್ನು ತೆರೆದು ನೋಡಿದೆ. 'ಹಿಂಪಡೆಯಲಾಗದ' ಎಂಬ ಪದ ಇದೆ. ಹುಳುವಿನ ಸಾಲು ಅದರಲ್ಲೂ ಇಲ್ಲ.