ನರ್ಸ್ ಕೆಲಸ ಸಿಗುತ್ತೆ. ಎಂಥ ಕೆಲಸ ಅನ್ನೋದೇ ಪ್ರಶ್ನೆ

ಪಿಯುಸಿ ರಿಸಲ್ಟ್ ಬಂದ ಮೇಲೆ ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯಿಂದ ನನಗೆ ಫೋನ್ ಬರುವುದು ಶುರುವಾಗುತ್ತದೆ. "ಮೇಡಂ, ಮಗಳನ್ನ ನರ್ಸಿಂಗ್‌ಗೆ ಸೇರಿಸಿದ್ರೆ ಕೆಲಸ ಗ್ಯಾರಂಟಿ ತಾನೆ?" ಮೈಸೂರಿನಲ್ಲಿ ವಾರ್ಡ್ ಡ್ಯೂಟಿ ಮಾಡಿ, ಈಗ ನರ್ಸಿಂಗ್ ಪಾಠ ಹೇಳುತ್ತಿರುವವಳು ನಾನು. ಹಾಗಾಗಿ ನನ್ನನ್ನೇ ಕೇಳುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಸರ್ಕಾರ ಆಯುಷ್ಮಾನ್ ಕಾರ್ಡ್ ಕೊಟ್ಟಿದೆ, ಹೊಸ ಕಾಲೇಜು ತೆಗೆಯುತ್ತಿದೆ, ಹಳ್ಳಿ ಹಳ್ಳಿಗೂ ಕ್ಲಿನಿಕ್ ಅಂತಿದೆ. ಇದರಿಂದ ನರ್ಸ್‌ಗಳಿಗೆ ಒಳ್ಳೆಯದಾಗುತ್ತಾ?

ಫೋನ್‌ನಲ್ಲಿ ಎರಡು ಮಾತಲ್ಲಿ ಹೇಳೋಕೆ ಆಗಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಸಿಗುತ್ತದೆ. ಅದರಲ್ಲಿ ಅನುಮಾನ ಬೇಡ. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕವೂ ಅದರ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದಾಯ ನೋಡದೆ 70 ದಾಟಿದವರಿಗೆಲ್ಲ ಯೋಜನೆ ವಿಸ್ತರಿಸಿತು. ದುಡ್ಡಿಲ್ಲ ಅಂತ ಮನೆಯಲ್ಲೇ ನರಳುತ್ತಿದ್ದವರು ಈಗ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿದ್ದಾರೆ. ಎದೆನೋವು ಬಂದ ರೈತ ಜಮೀನು ಅಡ ಇಡದೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಈ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡುವವಳಲ್ಲ ನಾನು. ರೋಗಿಗಳು ಜಾಸ್ತಿಯಾದರೆ ಬೆಡ್ ಜಾಸ್ತಿ ಬೇಕು, ಬೆಡ್ ಜಾಸ್ತಿಯಾದರೆ ನರ್ಸ್ ಬೇಕೇ ಬೇಕು. ಅದರಲ್ಲೂ ವಯಸ್ಸಾದವರು. ಅವರನ್ನು ಮಗ್ಗುಲು ಹೊರಳಿಸಬೇಕು, ತಿನ್ನಿಸಬೇಕು, ಬಾತ್‌ರೂಮಿಗೆ ಕೈ ಹಿಡಿದು ಕರೆದೊಯ್ಯಬೇಕು. ಯಾವ ಮಿಷನ್ನೂ ಆ ಕೆಲಸ ಮಾಡಲ್ಲ.

ಆದರೆ ಈ ದುಡ್ಡು ಆಸ್ಪತ್ರೆಗೆ ಬರುವ ದಾರಿ ನೋಡಿ. ಅಲ್ಲೇ ಇರುವುದು ನನ್ನ ತಕರಾರು.

ಆಯುಷ್ಮಾನ್‌ನಲ್ಲಿ ಪ್ರತಿ ಆಪರೇಷನ್‌ಗೂ ಒಂದು ಪ್ಯಾಕೇಜ್ ರೇಟು. ಬೆಡ್, ಡಾಕ್ಟರ್ ಫೀಸು, ಔಷಧಿ, ಟೆಸ್ಟು, ಊಟ, ನರ್ಸಿಂಗ್ ಎಲ್ಲಾ ಅದರೊಳಗೇ. ಔಷಧಿ ಕಂಪನಿ ತನ್ನ ರೇಟು ಇಳಿಸಲ್ಲ. ಸರ್ಜನ್ ಫೀಸು ಕಡಿಮೆ ಮಾಡಿದರೆ ಅವರು ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಕರೆಂಟ್ ಬಿಲ್ಲು ಕಟ್ಟಲೇಬೇಕು. ರೇಟು ಸಾಲಲ್ಲ ಅಂದಾಗ ಮ್ಯಾನೇಜ್‌ಮೆಂಟ್ ಕೈ ಹಾಕುವುದು ಎಲ್ಲಿಗೆ? ಡ್ಯೂಟಿ ಲಿಸ್ಟಿಗೆ. ನೈಟ್‌ಗೆ ಮೂವರ ಬದಲು ಇಬ್ಬರು. ಬಿಟ್ಟು ಹೋದವರ ಜಾಗಕ್ಕೆ ಈಗ ತಾನೇ ಪಾಸಾದ ಹುಡುಗಿ, ಅರ್ಧ ಸಂಬಳಕ್ಕೆ. ಬಿಲ್ಲಿನಲ್ಲಿ ನರ್ಸಿಂಗ್‌ಗೆ ಅಂತ ಬೇರೆ ಸಾಲು ಇಲ್ಲ. ಹಾಗಾಗಿ ಕಡಿಮೆ ಮಾಡಿದ್ದೂ ಯಾರ ಕಣ್ಣಿಗೂ ಬೀಳಲ್ಲ.

ಆ ಸಾಲಿನಲ್ಲಿ ಏನಿದೆ ಅಂತ ಗೊತ್ತಾಗಬೇಕಾದರೆ ಒಂದು ರಾತ್ರಿಯ ಕಥೆ ಹೇಳಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ, ಹೊಟ್ಟೆ ಆಪರೇಷನ್ ಆದ ಹಿರಿಯರೊಬ್ಬರು ಸರ್ಜಿಕಲ್ ವಾರ್ಡ್‌ನಲ್ಲಿದ್ದರು. ಹ್ಯಾಂಡೋವರ್ ಹೊತ್ತಿಗೆ ಬಿಪಿ ಚೆನ್ನಾಗಿತ್ತು, ಮಾತಾಡುತ್ತಿದ್ದರು. ನಡುರಾತ್ರಿ ದಾಟಿದ ಮೇಲೆ ಜೂನಿಯರ್ ಸಿಸ್ಟರ್ ಒಬ್ಬಳು ಬಂದು, "ಅಕ್ಕಾ, ಆ ತಾತನ ಯೂರಿನ್ ಬ್ಯಾಗ್ ಏರ್ತಾನೇ ಇಲ್ಲ" ಅಂದಳು. ಪೈಪ್ ಮಡಚಿಕೊಂಡಿದೆಯಾ ಅಂತ ನೋಡಿದ್ದಳು, ಇರಲಿಲ್ಲ. ನಾಡಿ ಹಿಡಿದರೆ ಓಡುತ್ತಿತ್ತು. ಕೈಕಾಲು ತಣ್ಣಗೆ, ಹೊಟ್ಟೆ ಬಿಗಿ. ಬಿಪಿ ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆವು, ಅವರು ಸರ್ಜನ್‌ಗೆ ಫೋನ್ ಮಾಡಿದರು. ಒಳಗೆ ರಕ್ತ ಸೋರುತ್ತಿತ್ತು. ವಾಪಸ್ ಓಟಿಗೆ ಹೋದರು. ಉಳಿದರು.

ಆ ಹುಡುಗಿ ಅಂದು ಆ ಬ್ಯಾಗ್ ನೋಡಿದ್ದು ಅವಳ ಕೈಯಲ್ಲಿ ರೋಗಿಗಳು ಕಡಿಮೆ ಇದ್ದದ್ದರಿಂದ. ವಾರ್ಡ್ ತುಂಬಿದ್ದ ದಿನಗಳಲ್ಲಿ ಅದೇ ಹುಡುಗಿ ಒಂದು ತುದಿಯಲ್ಲಿ ಡ್ರಿಪ್ ಬದಲಿಸಿ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲನೆಯದು ಖಾಲಿಯಾಗಿರುತ್ತಿತ್ತು. ಇದರ ಜೊತೆಗೆ ಕ್ಲೇಮ್‌ಗೆ ಬೇಕಾದ ಚಾರ್ಟು, ಕೇಸ್‌ಶೀಟು. ಯೋಜನೆ ಬಂದ ಮೇಲೆ ಬರೆಯುವ ಕೆಲಸ ಜಾಸ್ತಿಯಾಯಿತು, ಬರೆಯುವ ಕೈ ಜಾಸ್ತಿಯಾಗಲಿಲ್ಲ.

ಎಷ್ಟು ನರ್ಸ್ ಇರಬೇಕು ಅನ್ನುವ ಲೆಕ್ಕ ನಮ್ಮಲ್ಲಿ ಇಲ್ಲವಾ? ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವ ಪ್ರಕಾರ ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ 3 ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು, ರಜೆ ಹೋಗುವವರ ಬದಲಿಗೆ ಶೇ. 30 ಜಾಸ್ತಿ. ಮೂರಕ್ಕೆ ಒಬ್ಬರು ಅಂದರೆ ಮೂರು ಶಿಫ್ಟ್‌ಗೆ ಹಂಚಿ, ಒಂದು ಹೊತ್ತಿಗೆ 9 ರೋಗಿಗೆ ಒಬ್ಬರು. ಅಷ್ಟನ್ನಾದರೂ ಎಲ್ಲಾ ಕಡೆ ಪಾಲಿಸಿದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲೇ ಇದಕ್ಕೆ ಕಾನೂನು ಮಾಡಿ, 2004ರಿಂದ ಜಾರಿಗೆ ತಂದರು. ಅಲ್ಲಿ ಜನರಲ್ ವಾರ್ಡ್‌ನಲ್ಲಿ ಒಬ್ಬ ನರ್ಸ್ ಕೈಯಲ್ಲಿ ಐದಕ್ಕಿಂತ ಜಾಸ್ತಿ ರೋಗಿಗಳು ಇರುವಂತಿಲ್ಲ. ನಮ್ಮದು ಬರೀ ಶಿಫಾರಸು, ಅವರದು ಕಾನೂನು.

ಸಂಬಳದ ಕಥೆಯೂ ಹೀಗೇ. 2016ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಸಮಿತಿ ಸ್ಪಷ್ಟವಾಗಿಯೇ ಬರೆದುಕೊಟ್ಟಿತು. 200ಕ್ಕಿಂತ ಜಾಸ್ತಿ ಬೆಡ್ ಇದ್ದರೆ ಸರ್ಕಾರಿ ನರ್ಸ್‌ಗೆ ಸಮ. 100ರಿಂದ 200 ಬೆಡ್ ಆದರೆ ಸರ್ಕಾರಿ ಸಂಬಳಕ್ಕಿಂತ ಹೆಚ್ಚೆಂದರೆ ಶೇ. 10 ಕಡಿಮೆ ಇರಬಹುದು. 50ರಿಂದ 100 ಆದರೆ ಹೆಚ್ಚೆಂದರೆ ಶೇ. 25 ಕಡಿಮೆ. 50ಕ್ಕಿಂತ ಸಣ್ಣ ನರ್ಸಿಂಗ್ ಹೋಂ ಕೂಡ ಕನಿಷ್ಠ 20,000 ಕೊಡಬೇಕು. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿ ಸುಮ್ಮನಾಯಿತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದರು, 2018ರಲ್ಲಿ ಅಲ್ಲಿನ ಸರ್ಕಾರ ಕನಿಷ್ಠ ಸಂಬಳ 20,000 ಅಂತ ಆದೇಶ ಹೊರಡಿಸಿತು. ನಮ್ಮ ಮೈಸೂರು, ಮಂಡ್ಯದ ಸಣ್ಣ ಆಸ್ಪತ್ರೆಗಳಲ್ಲಿ ಆ ಮೊತ್ತ ಇವತ್ತಿಗೂ ಕೈಗೆ ಸಿಗದ ಹುಡುಗಿಯರು ನನಗೆ ಗೊತ್ತು. ಅವರು ನನ್ನ ವಿದ್ಯಾರ್ಥಿಗಳು. ಕೆಲವರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೂಡ ಆಸ್ಪತ್ರೆಯವರ ಹತ್ತಿರವೇ ಇದೆ, ಬಿಟ್ಟು ಹೋಗಬಾರದು ಅಂತ.

2017ರ ನವೆಂಬರ್‌ನಲ್ಲಿ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ನೋಂದಣಿ ಕಾಯ್ದೆಯ ತಿದ್ದುಪಡಿ ಗಲಾಟೆ ನಡೆದದ್ದು ನೆನಪಿರಬಹುದು. ಖಾಸಗಿ ಡಾಕ್ಟರ್‌ಗಳು ಆಸ್ಪತ್ರೆ ಮುಚ್ಚಿ ಮುಷ್ಕರ ಮಾಡಿದರು. ರೇಟು, ಶಿಕ್ಷೆ, ರೋಗಿಗಳ ಹಕ್ಕು ಎಲ್ಲಾ ಚರ್ಚೆಗೆ ಬಂತು. ನರ್ಸ್‌ಗಳ ಸಂಬಳದ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನಾನು ಕೇಳಲಿಲ್ಲ.

ಇನ್ನು ಸರ್ಕಾರಿ ಕಡೆ. ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೆಲಸ ಬಂದದ್ದು ನಿಜಕ್ಕೂ ದೊಡ್ಡ ಬದಲಾವಣೆ. ಉಪಕೇಂದ್ರದಲ್ಲಿ ಕೂತು ಬಿಪಿ, ಶುಗರ್ ನೋಡಿ, ಔಷಧಿ ಕೊಟ್ಟು, ಬೇಕಾದವರನ್ನು ಮುಂದೆ ಕಳಿಸುವುದು. ಸಾಮಾನ್ಯವಾಗಿ 5,000 ಜನಕ್ಕೆ ಒಂದು ಉಪಕೇಂದ್ರ. ಒಬ್ಬ ನರ್ಸ್ ತನ್ನ ಬುದ್ಧಿಯಿಂದ ಊರಿನ ಆರೋಗ್ಯ ನೋಡಿಕೊಳ್ಳುವುದನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತದೆ. ನಾಗಮಂಗಲ ಕಡೆ ಕೆಲಸ ಮಾಡುವ ನನ್ನ ವಿದ್ಯಾರ್ಥಿನಿ ಊರಿನ ಯಾರ ಶುಗರ್ ಎಷ್ಟು ಅಂತ ಬಾಯಲ್ಲೇ ಹೇಳುತ್ತಾಳೆ. ಆದರೆ ಅವಳದು ಗುತ್ತಿಗೆ ಕೆಲಸ. ರಾಜ್ಯ ಸರ್ಕಾರದ "ನಮ್ಮ ಕ್ಲಿನಿಕ್" ಯೋಜನೆಯ ನರ್ಸ್‌ಗಳದ್ದೂ ಗುತ್ತಿಗೆ. 2023ರ ಫೆಬ್ರವರಿಯಲ್ಲಿ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತು ಕೇಳಿದ್ದು ಇದನ್ನೇ, ನಮ್ಮನ್ನು ಕಾಯಂ ಮಾಡಿ ಅಂತ. ಈ ಅಭಿಯಾನ ಗ್ರಾಮೀಣ ಆರೋಗ್ಯ ಅಭಿಯಾನ ಅಂತ ಶುರುವಾದದ್ದು 2005ರಲ್ಲಿ. ಇಷ್ಟು ವರ್ಷ ನಡೆದ ಕೆಲಸವನ್ನು ಇನ್ನೂ ತಾತ್ಕಾಲಿಕ ಅನ್ನುವುದು ಯಾವ ನ್ಯಾಯ? ಗುತ್ತಿಗೆ ನರ್ಸ್‌ಗೆ ಮದುವೆ, ಬಾಣಂತನ, ಮನೆ ಸಾಲ ಎಲ್ಲಕ್ಕೂ ಹೆದರಿಕೆ. ಅವಳು ಬಿಟ್ಟು ಹೋದರೆ ಆ ಊರಿನ ಶುಗರ್ ಲೆಕ್ಕವೂ ಅವಳ ಜೊತೆ ಹೋಗುತ್ತದೆ.

ಹೊಸ ಕಾಲೇಜುಗಳ ವಿಷಯ. 2023ರ ಕೇಂದ್ರ ಬಜೆಟ್‌ನಲ್ಲಿ 157 ಸರ್ಕಾರಿ ನರ್ಸಿಂಗ್ ಕಾಲೇಜು ಘೋಷಿಸಿದರು, ವರ್ಷಕ್ಕೆ ಸುಮಾರು 15,700 ಪದವೀಧರರು ಬರುತ್ತಾರೆ ಅಂತ ಲೆಕ್ಕ. ಅದೇ ವರ್ಷ 1947ರ ಹಳೆ ನರ್ಸಿಂಗ್ ಕೌನ್ಸಿಲ್ ಕಾನೂನಿನ ಬದಲು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಶಿಕ್ಷಣದ ಗುಣಮಟ್ಟ, ನೋಂದಣಿ ಸುಧಾರಿಸಲಿ, ಸಂತೋಷ. ಆದರೆ ಸಂಬಳ ನಿಗದಿ ಮಾಡುವುದು ಈ ಕಾಯ್ದೆಯ ಕೆಲಸ ಅಲ್ಲ. ಕರ್ನಾಟಕ ಮೊದಲೇ ನರ್ಸಿಂಗ್ ಕಾಲೇಜುಗಳು ತುಂಬಿರುವ ರಾಜ್ಯ. ಸೀಟು ಮಾತ್ರ ಹೆಚ್ಚಿಸಿ, ಕಾಯಂ ಹುದ್ದೆ ಹೆಚ್ಚಿಸದಿದ್ದರೆ "ನೀನು ಬರದಿದ್ದರೆ ಇನ್ನೊಬ್ಬಳು ಬರುತ್ತಾಳೆ" ಅನ್ನುವ ಮ್ಯಾನೇಜ್‌ಮೆಂಟ್‌ಗೇ ಅನುಕೂಲ. ಚೆನ್ನಾಗಿ ಕಲಿತವರು ಜರ್ಮನ್ ಭಾಷೆಯ ಬಿ2 ಮಟ್ಟದ ಕ್ಲಾಸಿಗೋ, ವಿದೇಶಕ್ಕೆ ಹೋಗಲು ಬರೆಯುವ ಒಇಟಿ ಇಂಗ್ಲಿಷ್ ಪರೀಕ್ಷೆಗೋ ಸೇರಿ ದೇಶ ಬಿಡುತ್ತಾರೆ. ಅವರನ್ನು ಬೈಯುವ ಹಕ್ಕು ನಮಗಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಳ್ಳೆ ಗುಣಮಟ್ಟ ಇಟ್ಟುಕೊಂಡು ಎನ್‌ಎಬಿಎಚ್ ಅನ್ನುವ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಆಯುಷ್ಮಾನ್‌ನಲ್ಲಿ ಪ್ಯಾಕೇಜ್ ಮೇಲೆ ಜಾಸ್ತಿ ದುಡ್ಡು ಕೊಡುವ ಪದ್ಧತಿ ಇದೆ, ಶೇ. 10 ಅಥವಾ 15. ಅದೇ ರೀತಿ ನರ್ಸ್ ಸಂಖ್ಯೆಗೂ ಸಂಬಳಕ್ಕೂ ದುಡ್ಡನ್ನು ಕಟ್ಟಿಹಾಕಿ. ಯೋಜನೆಗೆ ಸೇರುವ ಆಸ್ಪತ್ರೆ ಬ್ಯಾಂಕ್ ಮೂಲಕ ಸಂಬಳ ಕೊಟ್ಟ ದಾಖಲೆ ತೋರಿಸಲಿ. ಕೆಪಿಎಂಇ ನೋಂದಣಿ ನವೀಕರಣಕ್ಕೆ ಬಂದಾಗ ಬೆಡ್ ಎಷ್ಟು, ಪಿಎಫ್ ಕಟ್ಟುವ ನರ್ಸ್ ಎಷ್ಟು ಅಂತ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಲಿ. ಪ್ಯಾಕೇಜ್ ರೇಟು ಸಾಲಲ್ಲ ಅಂತ ಆಸ್ಪತ್ರೆಗಳು ಹೇಳಿದರೆ ರೇಟು ಏರಿಸಿ, ನಾನೂ ಅವರ ಪರ ದನಿ ಎತ್ತುತ್ತೇನೆ. ಆದರೆ ಏರಿಸಿದ ದುಡ್ಡು ವಾರ್ಡಿಗೆ ಬರಬೇಕು.

ಈ ವರ್ಷ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರಿಗೆ: ಧಾರಾಳವಾಗಿ ಸೇರಿಸಿ. ಆದರೆ ಫೀಸು ಕಟ್ಟುವ ಮೊದಲು ಕಾಲೇಜಿಗೆ ತನ್ನದೇ ಆಸ್ಪತ್ರೆ ಇದೆಯಾ, ಅಲ್ಲಿ ನಿಜವಾಗಿ ರೋಗಿಗಳಿದ್ದಾರಾ ಅಂತ ಒಳಗೆ ಹೋಗಿ ನೋಡಿ. ಅಲ್ಲಿನ ಸೀನಿಯರ್ ಹುಡುಗಿಯರನ್ನು ಹೊರಗೆ ಟೀ ಅಂಗಡಿ ಹತ್ತಿರ ಮಾತಾಡಿಸಿ. ಕೋರ್ಸ್ ಮುಗಿದ ಮೇಲೆ ಬಾಂಡ್ ಬರೆಸಿಕೊಳ್ಳುತ್ತಾರಾ, ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ಕೊಡುತ್ತಾರಾ ಕೇಳಿ. ಈಗಾಗಲೇ ಕೆಲಸದಲ್ಲಿರುವ ನರ್ಸ್‌ಗಳು ನಿಮ್ಮ ಆಸ್ಪತ್ರೆಯಲ್ಲಿ ನೈಟ್‌ನಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು ಅಂತ ಆಸ್ಪತ್ರೆ ಹೆಸರು ಹಾಕದೆ ಕಮೆಂಟ್‌ನಲ್ಲಿ ಬರೆಯಿರಿ. ಎಲ್ಲವನ್ನೂ ಸೇರಿಸಿ ಆರೋಗ್ಯ ಸಚಿವರಿಗೂ ನಮ್ಮ ಎರಡೂ ಜಿಲ್ಲೆಯ ಶಾಸಕರಿಗೂ ಕಳಿಸುತ್ತೇನೆ.