ಅಪ್ಪ ಅಮೆರಿಕದಲ್ಲಿ, ಕೇಸು ಹಾಸನದಲ್ಲಿ

ನಾನು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಾಲಸ್ ಹತ್ತಿರದ ಒಂದು ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ. ಯಾರ ಸಂಬಳ ಎಷ್ಟು, ಅದರಲ್ಲಿ ಏನೇನು ಕಡಿತ, ಇದೇ ದಿನದ ಕೆಲಸ. ಊರಿನ ಕಡೆಯವರಿಗೆ ಇದು ಗೊತ್ತಿರುವುದರಿಂದ ಆಗಾಗ ಒಂದೇ ಬಗೆಯ ಫೋನ್ ಬರುತ್ತದೆ. ಮಗಳು ಮಗುವನ್ನು ಕರೆದುಕೊಂಡು ಹಾಸನಕ್ಕೋ ಶಿವಮೊಗ್ಗಕ್ಕೋ ವಾಪಸ್ ಬಂದಿರುತ್ತಾಳೆ. ಅಳಿಯ ಅಮೆರಿಕದಲ್ಲೇ ಉಳಿದಿರುತ್ತಾನೆ. ಮಗುವಿನ ಫೀಸಿಗೆ ಅವನ ಕಡೆಯಿಂದ ಒಂದು ರೂಪಾಯಿಯೂ ಬರುತ್ತಿರುವುದಿಲ್ಲ. ಹೀಗೆ ಫೋನ್ ಮಾಡಿದವರಲ್ಲಿ ಹಾಸನದ ಒಬ್ಬ ನಿವೃತ್ತ ಮೇಷ್ಟ್ರೂ ಇದ್ದರು.

"ನೀನು ಅಲ್ಲೇ ಇದ್ದೀಯಲ್ಲಪ್ಪ, ಅವನಿಗೆ ಸ್ವಲ್ಪ ಹೇಳಿ ನೋಡು. ಕನ್ನಡ ಸಂಘದ ಕಾರ್ಯಕ್ರಮಕ್ಕೆಲ್ಲ ಬರ್ತಾನಂತೆ."

"ಹೇಳೋಣ ಮೇಷ್ಟ್ರೇ. ಮೊದಲು ಅವರು ಯಾವ ಕಂಪನಿಯಲ್ಲಿದ್ದಾರೆ ಅನ್ನೋದು ನಿಮಗೆ ಗೊತ್ತಾ?"

"ಅದೆಲ್ಲ ಯಾಕಪ್ಪ? ಮರ್ಯಾದಸ್ಥರ ಮನೆಯವರು. ನಾಲ್ಕು ಜನ ಹೇಳಿದ್ರೆ ಕೇಳ್ತಾರೆ."

ನಾಲ್ಕು ಜನ ಹೇಳಿದರೆ ಕೇಳುವ ಕಾಲ ಇತ್ತು, ಇಲ್ಲ ಅನ್ನುವುದಿಲ್ಲ. ಆ ನಾಲ್ಕು ಜನ ಅದೇ ಬೀದಿಯಲ್ಲಿ ಇರುತ್ತಿದ್ದರು, ಮದುವೆ ಮುಂಜಿಗೆ ಎದುರು ಸಿಗುತ್ತಿದ್ದರು. ಇಲ್ಲಿ ಹಾಗಲ್ಲ. ಫೋನ್ ನಂಬರ್ ಬ್ಲಾಕ್ ಮಾಡಿದರೆ ಮುಗಿಯಿತು. ಸಂಘಕ್ಕೆ ಬರುವುದನ್ನು ಬಿಟ್ಟರೆ ಕೇಳುವವರೇ ಇಲ್ಲ. ಆದರೆ ಇಲ್ಲಿ ಅವನು ಬ್ಲಾಕ್ ಮಾಡಲಾಗದ ಒಂದು ಜಾಗ ಇದೆ, ಅದು ಅವನ ಸಂಬಳ.

ನಮ್ಮ ಆಫೀಸಿಗೆ ಬರುವ ಒಂದು ಆದೇಶದ ಬಗ್ಗೆ ಹೇಳುತ್ತೇನೆ. ಅದರ ಹೆಸರು 'ಇನ್‌ಕಮ್ ವಿತ್‌ಹೋಲ್ಡಿಂಗ್ ಫಾರ್ ಸಪೋರ್ಟ್', ಅಂದರೆ ಜೀವನಾಂಶಕ್ಕಾಗಿ ಸಂಬಳದಲ್ಲೇ ಹಿಡಿದುಕೊಳ್ಳುವುದು. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ನಮೂನೆ ಒಂದೇ. ಕೆಲಸಗಾರನ ಹೆಸರು, ಕೇಸ್ ನಂಬರ್, ಮಗುವಿಗೆ ತಿಂಗಳಿಗೆ ಎಷ್ಟು, ಹಳೆಯ ಬಾಕಿಗೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. ವಾರಕ್ಕೊಮ್ಮೆ ಸಂಬಳವಾದರೆ ಇಷ್ಟು ಹಿಡಿ, ಎರಡು ವಾರಕ್ಕೊಮ್ಮೆಯಾದರೆ ಇಷ್ಟು, ತಿಂಗಳಿಗಾದರೆ ಇಷ್ಟು ಅಂತ ಲೆಕ್ಕ ಮಾಡಿಯೇ ಕಳಿಸಿರುತ್ತಾರೆ. ನಾವು ಹಿಡಿದ ದುಡ್ಡನ್ನು ಏಳು ಕೆಲಸದ ದಿನಗಳೊಳಗೆ ರಾಜ್ಯದ ವಿತರಣಾ ಕೇಂದ್ರಕ್ಕೆ ಕಳಿಸಬೇಕು. ಟೆಕ್ಸಸ್‌ನದು ಸ್ಯಾನ್ ಆಂಟೋನಿಯೊದಲ್ಲಿದೆ. ಅಲ್ಲಿಂದ ಅದು ತಾಯಿಯ ಖಾತೆಗೆ ಹೋಗುತ್ತದೆ. ಹಿಡಿಯದೆ ಸುಮ್ಮನಿದ್ದರೆ ಕಂಪನಿಯೇ ಕೈಯಿಂದ ಕಟ್ಟಬೇಕಾಗುತ್ತದೆ. ಈ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಬದಲಾಯಿಸಿ ತಪ್ಪಿಸಿಕೊಳ್ಳೋಣ ಅಂದರೆ, ಹೊಸದಾಗಿ ಸೇರಿದ ಪ್ರತಿಯೊಬ್ಬರ ವಿವರವನ್ನೂ ಕಂಪನಿ 20 ದಿನದೊಳಗೆ ಸರ್ಕಾರಕ್ಕೆ ಕೊಡಬೇಕು. ಇಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ತಾಳೆಯಾದ ಕೂಡಲೇ ಆದೇಶ ಅಲ್ಲಿಗೂ ಬರುತ್ತದೆ.

ಇದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಯಾರೂ ಯಾರನ್ನೂ ಅಂಗಲಾಚಬೇಕಿಲ್ಲ. ತಾಯಿ ಪ್ರತಿ ತಿಂಗಳು ಮೆಸೇಜ್ ಹಾಕಬೇಕಿಲ್ಲ. ಅಪ್ಪನಿಗೂ 'ಕೊಡಲೋ ಬೇಡವೋ' ಅನ್ನುವ ಯೋಚನೆಯೇ ಇಲ್ಲ. ತೆರಿಗೆ ಹಿಡಿದ ಹಾಗೆ ಹಿಡಿದುಬಿಡುತ್ತಾರೆ. ಮೊತ್ತವೂ ಹೆಚ್ಚುಕಡಿಮೆ ಸೂತ್ರದ ಪ್ರಕಾರವೇ. ಟೆಕ್ಸಸ್‌ನಲ್ಲಿ ಕೈಗೆ ಬರುವ ವರಮಾನದ ಮೇಲೆ, ಒಂದು ಮಿತಿಯವರೆಗೆ, ಒಂದು ಮಗುವಿಗೆ 20%, ಎರಡು ಮಕ್ಕಳಿಗೆ 25%. ಬಾಕಿ ಉಳಿದರೆ ವರ್ಷಕ್ಕೆ 6% ಬಡ್ಡಿ. ಅಂದಹಾಗೆ, 1975ರಲ್ಲಿ ಅಮೆರಿಕ ಈ ವ್ಯವಸ್ಥೆ ಕಟ್ಟಿದ್ದು ಬರೀ ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ಅಪ್ಪಂದಿರು ಕೊಡದ ದುಡ್ಡನ್ನು ಸರ್ಕಾರವೇ ಬಡವರ ನೆರವಿನ ಲೆಕ್ಕದಲ್ಲಿ ಕೊಡಬೇಕಾಗುತ್ತಿತ್ತು. ಖಜಾನೆಗೆ ಬಿಸಿ ತಟ್ಟಿದಾಗ ವಸೂಲಿ ಕಚೇರಿಗಳು ಹುಟ್ಟಿಕೊಂಡವು.

ಈಗ ನಮ್ಮ ಕಡೆಯದು ನೋಡಿ. ಕಾನೂನಿಗೇನೂ ಕೊರತೆಯಿಲ್ಲ. ಜೀವನಾಂಶಕ್ಕೆ ಎಲ್ಲರ ಬಾಯಲ್ಲೂ ಇದ್ದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ತಾಯಿ ತಾನಿರುವ ಊರಿನಲ್ಲೇ ಮಗುವಿಗೆ ಜೀವನಾಂಶ ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತು ಹೇಳಿತು. ಇಬ್ಬರೂ ಆಸ್ತಿ, ಸಾಲ, ವರಮಾನದ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟು ಮಟ್ಟಿಗೆ 60 ದಿನದಲ್ಲಿ ಮುಗಿಸಬೇಕು ಎಂದೂ ಕಾನೂನಿನಲ್ಲಿದೆ. ಆದರೆ ಆ 60 ದಿನ ಶುರುವಾಗುವುದು ನೋಟಿಸ್ ಜಾರಿಯಾದ ದಿನದಿಂದ. ಅವನಿರುವುದು ಡಾಲಸ್‌ನಲ್ಲಿ. ನೋಟಿಸ್ ಹಾಸನದಿಂದ ದೆಹಲಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರಬೇಕು. ಅಷ್ಟರಲ್ಲಿ ಅವನು ಅಪಾರ್ಟ್‌ಮೆಂಟ್ ಬದಲಾಯಿಸಿರುತ್ತಾನೆ. ವಾಯಿದೆ ಮೇಲೆ ವಾಯಿದೆ. ಕೊನೆಗೆ ಎಕ್ಸ್ ಪಾರ್ಟೆ, ಅಂದರೆ ಅವನು ಬಾರದೆಯೇ ಆಗುವ ಏಕಪಕ್ಷೀಯ ಆದೇಶ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ದುಡ್ಡು ಬರಲಿಲ್ಲ. ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಅದಕ್ಕೂ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಾರಂಟ್ ಹೊರಡುತ್ತದೆ. ಕಾನ್‌ಸ್ಟೇಬಲ್ ಹೋಗಿ ಅವನ ಅಪ್ಪ ಅಮ್ಮನ ಮನೆ ಬಾಗಿಲು ಬಡಿಯುತ್ತಾರೆ. "ಅವನು ಅಮೆರಿಕದಲ್ಲಿದ್ದಾನೆ ಸಾರ್, ನಮಗೂ ಫೋನ್ ಮಾಡಲ್ಲ" ಅನ್ನುತ್ತಾರೆ. ಕಾನ್‌ಸ್ಟೇಬಲ್ ಹಾಗಂತಲೇ ಬರೆದುಕೊಂಡು ಹೋಗುತ್ತಾರೆ. ಮುಗಿಯಿತು.

ಸಂಬಳ ಹಿಡಿಯುವುದು ನಮ್ಮ ಕಾನೂನಿಗೆ ಗೊತ್ತಿಲ್ಲ ಅಂತಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೇ ಕೊಡಿ ಎಂದು ಕೆಲಸ ಕೊಟ್ಟವರಿಗೆ ಮ್ಯಾಜಿಸ್ಟ್ರೇಟರು ಹೇಳಬಹುದು. ಆದರೆ ಹಾಸನದ ಮ್ಯಾಜಿಸ್ಟ್ರೇಟರ ಮಾತನ್ನು ಡಾಲಸ್‌ನ ಪೇರೋಲ್‌ನವರು ಕೇಳಬೇಕಿಲ್ಲ. ಅಂಥ ಕಾಗದ ನನ್ನ ಕೈಗೇ ಬಂದರೂ ನಾನು ಒಂದು ಡಾಲರನ್ನೂ ಹಿಡಿಯುವಂತಿಲ್ಲ. ಅದೇ ಕೆಲಸಕ್ಕೆ ಟೆಕ್ಸಸ್ ಕೋರ್ಟಿನ ಹಾಳೆ ಸಾಕು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಅವನು ಎಲ್ಲಿ ದುಡಿಯುತ್ತಾನೋ ಅಲ್ಲೇ ಕೇಸು ಹಾಕಿ. ಅಮೆರಿಕದ ಎಲ್ಲ ರಾಜ್ಯಗಳೂ ಒಪ್ಪಿಕೊಂಡಿರುವ 'ಯುಐಎಫ್‌ಎಸ್‌ಎ' (ಯೂನಿಫಾರ್ಮ್ ಇಂಟರ್‌ಸ್ಟೇಟ್ ಫ್ಯಾಮಿಲಿ ಸಪೋರ್ಟ್ ಆಕ್ಟ್) ಎಂಬ ಜೀವನಾಂಶದ ಕಾನೂನಿದೆ. ಬೇರೆ ದೇಶದಲ್ಲಿರುವ ತಾಯಿ ಅಥವಾ ಮಗುವಿಗಾಗಿ ಅಪ್ಪ ಇರುವ ರಾಜ್ಯದ ಕೋರ್ಟಿನಲ್ಲಿ ನೇರವಾಗಿ ಅರ್ಜಿ ಹಾಕಲು ಅದರಲ್ಲಿ ದಾರಿ ಇದೆ. ತಾಯಿ ವಿಮಾನ ಹತ್ತಿ ಬರಬೇಕಿಲ್ಲ. ಫೋನ್‌ನಲ್ಲೋ ವಿಡಿಯೋದಲ್ಲೋ ಸಾಕ್ಷಿ ಹೇಳಬಹುದು. ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯೂ ನಡೆಯುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಸ್ಕೂಲ್ ಫೀಸಿನ ರಸೀದಿ, ಆಸ್ಪತ್ರೆ ಬಿಲ್ ಜೋಡಿಸಿಟ್ಟುಕೊಳ್ಳಬೇಕು. ಊರಿನಲ್ಲಿ ಆದೇಶ ಆಗಿದ್ದರೆ ಅದನ್ನೂ ಮುಚ್ಚಿಡದೆ ಕೊಡಬೇಕು. ಇಲ್ಲಿನ ವಕೀಲರು ಗಂಟೆ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುತ್ತಾರೆ. ಅದು ಹಾಸನದವರಿಗೆ ಭಾರವೇ. ಆದರೂ ವರ್ಷಗಟ್ಟಲೆ ವಾಯಿದೆಗೆ ಅಲೆಯುವುದರ ಜೊತೆ ಹೋಲಿಸಿ ನೋಡಿ. ಇಲ್ಲಿ ಒಂದು ಸಲ ಆದೇಶ ಆದರೆ ಉಳಿದದ್ದನ್ನು ನಮ್ಮಂಥ ಪೇರೋಲ್‌ನವರೇ ಮಾಡುತ್ತೇವೆ.

ಇದನ್ನು ಹೇಳಿದ ಕೂಡಲೇ ತಾಯಂದಿರು ಕೇಳುವುದು ಬೇರೆಯೇ. "ಅಲ್ಲಿ ಕೇಸು ಹಾಕಿದ್ರೆ ಮಗೂನ ಅಲ್ಲಿಗೇ ಕಳಿಸು ಅಂದುಬಿಟ್ರೆ ಏನ್ಮಾಡೋದು ಅಣ್ಣ?" ಈ ಹೆದರಿಕೆಗೇ ಎಷ್ಟೋ ಜನ ಸುಮ್ಮನಾಗುತ್ತಾರೆ. ಅದೇ ಕಾನೂನಿನಲ್ಲಿ ಇದಕ್ಕೂ ಉತ್ತರ ಇದೆ. ಜೀವನಾಂಶ ಕೇಳಿ ಬಂದವರನ್ನು, ಬಂದಿದ್ದಾರಲ್ಲ ಅಂತ, ಬೇರೆ ವ್ಯಾಜ್ಯಕ್ಕೆ ಎಳೆಯುವಂತಿಲ್ಲ. ಮಗುವನ್ನು ತೋರಿಸಲಿಲ್ಲ ಅಂತ ಜೀವನಾಂಶ ನಿಲ್ಲಿಸುವಂತೆಯೂ ಇಲ್ಲ. ಆದರೂ ಅರ್ಜಿಗೆ ಸಹಿ ಹಾಕುವ ಮುಂಚೆ, ಅವನು ಬೇರೆಯಾಗಿ ಕಸ್ಟಡಿ ಕೇಸು ಹಾಕಿದ್ದಾನಾ ಅಂತ ವಕೀಲರ ಕೈಲಿ ನೋಡಿಸಿಕೊಳ್ಳಿ.

ಮೇಷ್ಟ್ರ ಮನೆಯಲ್ಲಿ ಅಡ್ಡ ಬಂದಿದ್ದು ಇದ್ಯಾವುದೂ ಅಲ್ಲ. "ಅವನ ದುಡ್ಡು ನಮಗೆ ಬೇಡ. ನಮ್ಮ ಮೊಮ್ಮಗಳನ್ನು ಸಾಕೋ ತಾಕತ್ತು ನಮಗಿದೆ" ಅಂದರು. ನನಗೆ ಅವರ ಮೇಲೆ ಗೌರವ ಇದೆ. ಆದರೆ ಆ ದುಡ್ಡು ಅವರದ್ದಲ್ಲ, ಮಗಳದ್ದೂ ಅಲ್ಲ. ಮೊಮ್ಮಗಳದ್ದು. ಬೇಡ ಅನ್ನುವ ಅಧಿಕಾರ ತಾತನಿಗೆ ಕೊಟ್ಟವರು ಯಾರು? ಮೇಷ್ಟ್ರ ಪೆನ್ಶನ್ನಿನಲ್ಲಿ ಫೀಸು ಕಟ್ಟಿ, ಸ್ವಾಭಿಮಾನ ಉಳಿಯಿತು ಅಂದುಕೊಂಡರೆ, ಅದರ ಲಾಭವೆಲ್ಲ ಅಳಿಯನಿಗೇ. ನಮ್ಮವರ ಈ ಬಿಗುಮಾನ ಎಷ್ಟೋ ಅಪ್ಪಂದಿರನ್ನು ಪುಕ್ಕಟೆ ಉಳಿಸಿದೆ ಅಂತ ನನಗೆ ಬಹಳ ಸಲ ಅನಿಸಿದೆ. ಇಲ್ಲಿನ ಹೆಂಗಸರು ಇದನ್ನು ಕರೆಂಟ್ ಬಿಲ್ಲಿನ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ ಮಾತಾಡುತ್ತಾರೆ.

ಹಾಗಂತ ಅಮೆರಿಕದ್ದೆಲ್ಲ ಚಿನ್ನ ಅಂತ ನಾನು ಹೇಳಲಾರೆ. ಇಲ್ಲಿನ ವ್ಯವಸ್ಥೆಗೆ ಕರುಣೆ ಕಡಿಮೆ. 1986ರ ಒಂದು ತಿದ್ದುಪಡಿಯ ಪ್ರಕಾರ, ಒಮ್ಮೆ ಬಾಕಿ ಬಿದ್ದ ಜೀವನಾಂಶವನ್ನು ಆಮೇಲೆ ಜಡ್ಜ್ ಕೂಡ ಹಿಂದಿನಿಂದ ಕಡಿಮೆ ಮಾಡುವಂತಿಲ್ಲ. ಲೇಆಫ್ ಆದವನು ಅವತ್ತೇ ಕೋರ್ಟಿಗೆ ಹೋಗಿ ಮೊತ್ತ ಇಳಿಸಿ ಎಂದು ಕೇಳಿಕೊಳ್ಳದಿದ್ದರೆ ಹಳೆಯ ಸಂಬಳದ ಲೆಕ್ಕದಲ್ಲೇ ಬಾಕಿ ಏರುತ್ತಾ ಹೋಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಟೆಕ್ಸಸ್‌ನಂಥ ಕಡೆ ಕಾರಿಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ, ಬಾಕಿ ತೀರಿಸುವುದು ಹೇಗೆ? ಸೌತ್ ಕೆರೊಲಿನಾದ ಒಬ್ಬ ಬಡ ಅಪ್ಪನನ್ನು ಬಾಕಿಗಾಗಿ 12 ತಿಂಗಳು ಜೈಲಿಗೆ ಹಾಕಿದ್ದರು. ಅವನ ಪರ ವಕೀಲರೇ ಇರಲಿಲ್ಲ. ಆ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವನಿಗೆ ಕೊಡುವ ಶಕ್ತಿ ಇದೆಯೇ ಎಂದು ಸರಿಯಾಗಿ ವಿಚಾರಿಸದೆ ಹೀಗೆ ಜೈಲಿಗೆ ಕಳಿಸಿದ್ದು ತಪ್ಪು ಎಂದು 2011ರಲ್ಲಿ ಆ ಕೋರ್ಟ್ ಹೇಳಿತು. ದುಡ್ಡಿರುವವನನ್ನು ಹಿಡಿಯಲು ಮಾಡಿದ ಬಲೆಯಲ್ಲಿ ದುಡ್ಡಿಲ್ಲದವನು ಜಾಸ್ತಿ ಸಿಕ್ಕಿಬೀಳುತ್ತಾನೆ. ಈ ವಿಷಯದಲ್ಲಿ ನಮ್ಮ ಊರಿನ ಜಡ್ಜ್‌ಗಳು ಎದುರಿಗಿರುವವನ ಪರಿಸ್ಥಿತಿ ನೋಡಿ ಮೊತ್ತ ಹೇಳುವುದೇ ವಾಸಿ.

ಇನ್ನೊಂದು ತೂತೂ ಇದೆ. 2,500 ಡಾಲರಿಗಿಂತ ಹೆಚ್ಚು ಬಾಕಿ ಇದ್ದರೆ ಅಮೆರಿಕ ಪಾಸ್‌ಪೋರ್ಟ್ ಕೊಡುವುದಿಲ್ಲ. ಆದರೆ ಅದು ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ತಾಗುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು ಸೂಟ್‌ಕೇಸ್ ಎತ್ತಿಕೊಂಡು ಬೆಂಗಳೂರಿಗೆ ಹೊರಟರೆ ಅದು ಅವನ ದಾರಿಗೆ ಅಡ್ಡ ಬರುವುದಿಲ್ಲ. ಆಗ ತಾಯಿ ಮಗು ಡಾಲಸ್‌ನಲ್ಲಿ, ಅಪ್ಪ ವೈಟ್‌ಫೀಲ್ಡ್‌ನಲ್ಲಿ. ಆಗ ಅವಳ ಪಾಡು ಮೇಷ್ಟ್ರ ಮಗಳ ಪಾಡೇ. ಕೆಲವು ದೇಶಗಳ ಕೋರ್ಟಿನ ಡಿಕ್ರಿಯನ್ನು ಭಾರತದಲ್ಲಿ ನೇರವಾಗಿ ಅಮಲ್ಜಾರಿಗೆ ತರಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಅದಕ್ಕೇ ಇರುವುದು. ಬ್ರಿಟನ್, ಸಿಂಗಪುರ ಆ ಪಟ್ಟಿಯಲ್ಲಿವೆ. 2020ರ ಜನವರಿಯಲ್ಲಿ ಯುಎಇಯನ್ನೂ ಸೇರಿಸಿದರು. ಇಷ್ಟೊಂದು ಕನ್ನಡಿಗರಿರುವ ಅಮೆರಿಕ ಮಾತ್ರ ಇಲ್ಲ. ಅಮೆರಿಕದ ಆದೇಶ ಹಿಡಿದು ಬಂದವಳು ಮೂರು ವರ್ಷದೊಳಗೆ ಬೆಂಗಳೂರಿನಲ್ಲಿ ಹೊಸದಾಗಿ ದಾವೆ ಹೂಡಬೇಕು.

ಇದಕ್ಕೆಲ್ಲ ಮದ್ದು ಯಾವತ್ತೋ ತಯಾರಾಗಿದೆ. ಮಕ್ಕಳ ಜೀವನಾಂಶವನ್ನು ದೇಶದಿಂದ ದೇಶಕ್ಕೆ ವಸೂಲು ಮಾಡಿಕೊಡುವ ಹೇಗ್ ಒಪ್ಪಂದ 2007ರಲ್ಲಿ ಆಯಿತು. ಅದರಲ್ಲಿ ಪ್ರತಿ ದೇಶವೂ ಒಂದು ಕಚೇರಿ ತೆರೆಯಬೇಕು. ತಾಯಿ ತನ್ನ ದೇಶದ ಕಚೇರಿಗೆ ಅರ್ಜಿ ಕೊಟ್ಟರೆ ಸಾಕು, ಅಪ್ಪ ಇರುವ ದೇಶದ ಕಚೇರಿ ಮುಂದಿನದ್ದು ನೋಡಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ 2014ರಲ್ಲಿ, ಅಮೆರಿಕ 2017ರಲ್ಲಿ ಇದರೊಳಗೆ ಬಂದವು. ನಮ್ಮ ಹಾಗೆಯೇ ಜನರನ್ನು ಹೊರದೇಶಕ್ಕೆ ದುಡಿಯಲು ಕಳಿಸುವ ಫಿಲಿಪೀನ್ಸ್ 2022ರಲ್ಲಿ ಸೇರಿತು. ಭಾರತ ಸೇರಿಲ್ಲ. 1956ರ ಹಳೆಯ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಪಾಕಿಸ್ತಾನ, ಶ್ರೀಲಂಕಾ ಸೇರಿದವು. ಅದಕ್ಕೂ ನಾವು ಸೇರಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಅನಿವಾಸಿ ಭಾರತೀಯರ ಮದುವೆ, ಜೀವನಾಂಶ, ಮಕ್ಕಳ ವಿಚಾರಕ್ಕೆ ಒಂದು ಸಮಗ್ರ ಕಾನೂನು ಬೇಕು ಅಂದಿತು. ಡಾಲರ್ ಕಳಿಸುವ ಮಕ್ಕಳನ್ನು ಹೊಗಳುವುದರಲ್ಲಿ ದೆಹಲಿಗೆ ಇರುವ ಉತ್ಸಾಹದಲ್ಲಿ ಕಾಲು ಭಾಗ ಇದರ ಮೇಲಿದ್ದರೂ ಸಾಕಿತ್ತು.

ಒಪ್ಪಂದ ಬರುವವರೆಗೆ ಏನು ಮಾಡಬೇಕು? ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಇರುವ ಪರವಾನಗಿ) ಇದ್ದು ಇಲ್ಲೇ ಬೇರೂರಿದವನಾದರೆ ಇಲ್ಲೇ ಕೇಸು ಹಾಕಿ, ತಿಂಗಳ ಕಂತೇ ಸರಿ. ಊರಲ್ಲಿ ಅವನ ಹೆಸರಿಗೆ ಸೈಟೋ ಫ್ಲ್ಯಾಟೋ ಇದ್ದರೆ ಹಾಸನದ ಕೋರ್ಟಿಗೂ ಹಲ್ಲಿದೆ, ಅಲ್ಲೇ ಜಪ್ತಿಗೆ ಕೇಳಿ. ವೀಸಾದ ಮೇಲೆ ತೂಗಾಡುತ್ತಿರುವವನಾದರೆ ಲೆಕ್ಕ ಬೇರೆ. ಅವನ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ಹೊರಡಬೇಕು. ಅಂಥವನ ಜೊತೆ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವಾಗ ಮಗುವಿನ ಪಾಲನ್ನು ತಾಯಿಯ ಪಾಲಿನ ಜೊತೆ ಸೇರಿಸದೆ ಬೇರೆ ಬರೆಸಿ. ಅದನ್ನು ಒಂದೇ ಸಲಕ್ಕೆ ತೆಗೆದುಕೊಂಡು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿ. ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಇಷ್ಟವಾದ ಪದ್ಧತಿಯಲ್ಲ. ಮೇಷ್ಟ್ರಿಗೆ ಕೊನೆಗೆ ನಾನು ಹೇಳಿದ್ದು ಮಾತ್ರ ಅದನ್ನೇ, ಯಾಕೆಂದರೆ ಅವರ ಅಳಿಯನ ಕಂಪನಿಯಲ್ಲಿ ಆಗಲೇ ಲೇಆಫ್ ಸುದ್ದಿ ಓಡಾಡುತ್ತಿತ್ತು.