ಬೆಕ್ಕಿಗೆ ಮೈಲಿಗೆಯಿಲ್ಲ

ಮುಂಗೈ ಮೇಲೆ ಐದು ರೂಪಾಯಿ ನಾಣ್ಯದಷ್ಟಗಲದ ಉಂಗುರ. ಅಂಚಿನಲ್ಲಿ ಕೆಂಪು, ಅಸಾಧ್ಯ ತುರಿಕೆ. ಚರ್ಮದ ಡಾಕ್ಟರು, ನನ್ನ ಮಗಳ ವಯಸ್ಸಿನ ಹುಡುಗಿ, ನೋಡಿದ್ದೇ ಕೇಳಿದಳು: "ಮನೇಲಿ ಬೆಕ್ಕಿದೆಯಾ ಅಂಕಲ್?"

"ಇದೆ."

"ರಾತ್ರಿ ಎಲ್ಲಿ ಮಲಗತ್ತೆ?"

"ಒಲೆ ಹತ್ರ," ಅಂದೆ.

ನಮ್ಮನೆಗೆ ಗ್ಯಾಸ್ ಬಂದು ಒಲೆ ಕಿತ್ತು ಹದಿನೆಂಟು ವರ್ಷವಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ತಲೆಯೆತ್ತಿ ಫ್ಯಾನ್ ನೋಡತೊಡಗಿದಳು. ಬಾಯಿಬಿಟ್ಟು ಹೇಳಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

ಹುಳುಕಡ್ಡಿಯಂತೆ. ಅದನ್ನು ಅಂಟಿಸಿದ ಬೂಷ್ಟಿನ ಹೆಸರು ಮೈಕ್ರೋಸ್ಪೋರಂ ಕ್ಯಾನಿಸ್. ಕ್ಯಾನಿಸ್ ಅಂದರೆ ನಾಯಿಯದ್ದು. ಆದರೆ ಹೆಚ್ಚಾಗಿ ಹಂಚುವುದು ಬೆಕ್ಕು. ಹೆಸರೊಬ್ಬರದು, ಕೆಲಸ ಇನ್ನೊಬ್ಬರದು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಸವೆದವನಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬೆಕ್ಕಿನ ಮೈಮೇಲೆ ಒಂದು ಕಲೆಯೂ ಕಾಣದಿರಬಹುದು. ಉದುರಿದ ಕೂದಲಿನ ಜೊತೆ ಬೀಜಕಣಗಳು ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತವೆ. ನನಗೆ ನಾಲ್ಕು ವಾರ ಮುಲಾಮು, ಬೆಕ್ಕಿಗೆ ಬೇರೆ ಔಷಧಿ.

ನಮ್ಮಜ್ಜ ಹೇಳುತ್ತಿದ್ದುದೇ ಬೇರೆ. ಬೆಕ್ಕು, ಸೌಟು, ಗಾಳಿ, ಈ ಮೂರಕ್ಕೆ ಮೈಲಿಗೆಯಿಲ್ಲ ಎಂದು ಶ್ಲೋಕ ಸಮೇತ ಹೇಳುತ್ತಿದ್ದ. ಶಾಸ್ತ್ರ ಸರಿಯೋ ಡಾಕ್ಟರು ಸರಿಯೋ ಎಂಬಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಅಜ್ಜಿಯ ಸೀರೆ ವಿಷಯ.

ಸಾಗರದ ಹತ್ತಿರದ ಆ ಮನೆಯಲ್ಲಿ ಮಳೆಗಾಲದಲ್ಲಿ ಅಜ್ಜಿಯ ಮಡಿಸೀರೆಯನ್ನು ಒಳಗಿನ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದರು, ಯಾರ ಕೈಗೂ ಎಟುಕದ ಹಾಗೆ. ಅಟ್ಟದಲ್ಲಿ ಇಲಿ ಮುಗಿಸಿದ ಬೆಕ್ಕು ನೇರ ಗಳಕ್ಕಿಳಿದು ಆ ಸೀರೆ ಮೇಲೇ ಮಲಗುತ್ತಿತ್ತು. ಅಜ್ಜಿ ಕೋಲಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿ, ಅದೇ ಸೀರೆ ಉಟ್ಟು ನೈವೇದ್ಯದ ಅಡಿಗೆಗೆ ನಿಲ್ಲುತ್ತಿದ್ದಳು. ಒಂದು ಆಷಾಢದಲ್ಲಿ, ನೇತಾಡುತ್ತಿದ್ದ ಅದರ ಬಾಲ ಹಿಡಿಯಲು ಅಕ್ಕಿ ತುಂಬುವ ಮರದ ಮರಿಗೆಯ ಮೇಲೆ ಹತ್ತಿ ನಿಂತ ನನ್ನ ಬೆರಳು ಸೆರಗಿಗೆ ತಗುಲಿತು. ಒಂದೇ ಒಂದು ಬೆರಳು. ಸೀರೆ ಮತ್ತೆ ಬಾವಿಕಟ್ಟೆಗೆ, ಅಜ್ಜಿ ಮತ್ತೆ ಸ್ನಾನಕ್ಕೆ, ಮನೆಮಂದಿಗೆಲ್ಲ ಊಟ ಮೂರು ಗಂಟೆಗೆ. ಬೈಗುಳ ಪೂರಾ ನನಗೆ. ಆಗತಾನೇ ಸ್ನಾನ ಮಾಡಿ ಬಂದಿದ್ದೆ ನಾನು! ಬೆಕ್ಕು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಐವತ್ತೈದು ವರ್ಷವಾಯಿತು, ಈ ಅನ್ಯಾಯ ಯಾರಿಗೆ ಹೇಳಿಕೊಂಡರೂ ನಗುತ್ತಾರೆ. ನಗುವಂಥದ್ದೇನಿದೆ ಅಂತ ಇವತ್ತಿಗೂ ತಿಳಿದಿಲ್ಲ. ಅಜ್ಜಿಗೆ ಹುಳುಕಡ್ಡಿ ಆದದ್ದನ್ನಂತೂ ನಾನು ನೋಡಿಲ್ಲ.

ಅಸಲಿಗೆ ಈ ಬೆಕ್ಕು ನನ್ನದಲ್ಲ. ಮಗಳು ಚಪ್ಪಲಿ ಡಬ್ಬಿಯಲ್ಲಿ ತಂದು, ಮೂರು ತಿಂಗಳು ಮುದ್ದು ಮಾಡಿ, ಕೆಲಸ ಸಿಕ್ಕಿದ್ದೇ ಬೆಂಗಳೂರಿಗೆ ಹೋದಳು. ಈಗ ಬಸುರಿ, ಬಾಣಂತನಕ್ಕೆ ಬರುವವಳು. ದಿನಕ್ಕೊಂದು ವಾಟ್ಸಾಪ್: ಹೊಟ್ಟೆಯಲ್ಲಿರುವ ಮಗುವಿಗೆ ಕುತ್ತು ತರಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ, ಪರಚಿದರೆ ಜ್ವರ, ಚಿಗಟ. "ಅಪ್ಪಾ, ಅದನ್ನ ಯಾರಿಗಾದ್ರೂ ಕೊಟ್ಬಿಡು."

ಕೊಟ್ಬಿಡಬೇಕಂತೆ. ಚಿಗಟಕ್ಕೆ ತಿಂಗಳು ತಿಂಗಳು ಅದರ ಕುತ್ತಿಗೆಗೆ ಔಷಧಿ ಬಿಟ್ಟು ಪರಚಿಸಿಕೊಳ್ಳುವವನು ನಾನು. ಟಾಕ್ಸೊಪ್ಲಾಸ್ಮಾ ಅಂಟುವುದು ಹಾಸಿಗೆಯಿಂದಲ್ಲ ಮಾರಾಯ್ತಿ, ಹೇಲಿನಿಂದ; ಅದೂ ಹಾಕಿದ ತಕ್ಷಣವಲ್ಲ, ಒಂದು ದಿನವಾದರೂ ಕಳೆದ ಮೇಲೆ. ದಿನಾ ಬೆಳಿಗ್ಗೆ ಮರಳಿನ ಟ್ರೇಯಿಂದ ಅದನ್ನು ಎತ್ತಿ ಹಾಕುವವರು ಯಾರು ಅಂತ ಅವಳು ಇದುವರೆಗೆ ಕೇಳಿಲ್ಲ.

ಮುಲಾಮು ಮುಗಿಯುವವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವುದೆಂದು ತೀರ್ಮಾನವಾಯಿತು. ನಾಲ್ಕು ಕೆಜಿ ಬೆಕ್ಕು ಹೊರಗಿದ್ದರೆ ಮಂಚದಲ್ಲಿ ಇಷ್ಟು ಜಾಗವಿರುತ್ತದೆಂದು ಗೊತ್ತೇ ಇರಲಿಲ್ಲ. ಕಾಲು ಚಾಚಿದೆ. ಮಡಿಸಿದೆ. ಎರಡು ಗಂಟೆಗೆ ಬಾಗಿಲು ಕೆರೆಯುವ ಸದ್ದು ಶುರುವಾಯಿತು. ನಾನು ಉಸಿರು ಹಿಡಿದು ಬಿದ್ದುಕೊಂಡೆ.

ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದ ಹೆಂಡತಿ ಮಗ್ಗುಲು ಬದಲಿಸಿದಳು.

"ರೀ, ಅದಕ್ಕೆ ಒಲೆ ಎಲ್ಲಿದೆ ಅಂತ ತೋರ್ಸಿ ಬನ್ನಿ."